ಗೋಡೆಗೆ ಹೊಡೆದದ್ದು ಮೈಗೆ ಇಳಿದ ಕಥೆ

1965ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನಿಯತಕಾಲಿಕದಲ್ಲಿ ಕೆಲವೇ ಪುಟಗಳ ಒಂದು ವರದಿ ಅಚ್ಚಾಯಿತು. ಬರೆದವರು ಅಮೆರಿಕದ ಡೇಲ್, ಕೋಪ್‌ಲೆಂಡ್ ಮತ್ತು ಹೇಯ್ಸ್. ಭಾರತದ ಜನರ ಮೈಕೊಬ್ಬಿನಲ್ಲಿ ಕೀಟನಾಶಕ ಎಷ್ಟಿದೆ ಎಂದು ಅವರು ಅಳೆದಿದ್ದರು. ದೆಹಲಿಯವರ ಕೊಬ್ಬಿನಲ್ಲಿ ಡಿಡಿಟಿ ಮತ್ತು ಅದರಿಂದ ಹುಟ್ಟುವ ವಸ್ತುಗಳು ಸೇರಿ ಸರಾಸರಿ 26 ಪಿಪಿಎಂ ಇದ್ದವು. ಅಂದರೆ ಒಂದು ಕಿಲೋ ಕೊಬ್ಬಿನಲ್ಲಿ 26 ಮಿಲಿಗ್ರಾಂ. ಮೈಯಲ್ಲಿ ಹತ್ತು ಕಿಲೋ ಕೊಬ್ಬಿರುವ ಸಾಧಾರಣ ಮನುಷ್ಯನೊಬ್ಬ ಕಾಲು ಗ್ರಾಮಿಗಿಂತ ಹೆಚ್ಚು ಡಿಡಿಟಿಯನ್ನು ಹೊತ್ತು ತಿರುಗುತ್ತಿದ್ದ ಎಂದಾಯಿತು.

ಆ ಕಾಲದ ಬೇರೆ ದೇಶಗಳ ಲೆಕ್ಕದ ಪಕ್ಕದಲ್ಲಿಟ್ಟರೆ ಈ ಅಂಕಿಯ ತೂಕ ತಿಳಿಯುತ್ತದೆ. ಇಂಗ್ಲೆಂಡಿನಲ್ಲಿ ಅದು 4 ಪಿಪಿಎಂ ಒಳಗಿತ್ತು. ಇಸ್ರೇಲಿನಲ್ಲಿ 19. ಹೊಲಗಳ ಮೇಲೆ ವಿಮಾನದಿಂದ ಔಷಧಿ ಸುರಿಯುತ್ತಿದ್ದ ಅಮೆರಿಕದಲ್ಲಿ 12ರ ಆಸುಪಾಸು. ಅಮೆರಿಕದಿಂದ ಬರುವ ಗೋಧಿಯ ಹಡಗಿಗೆ ಕಾಯುತ್ತಿದ್ದ, ಎರಡು ಹೊತ್ತಿನ ಊಟಕ್ಕೆ ಹೆಣಗುತ್ತಿದ್ದ ಬಡ ದೇಶದ ರಾಜಧಾನಿಯ ಜನ ಈ ಒಂದು ವಿಷಯದಲ್ಲಿ ಮಾತ್ರ ಶ್ರೀಮಂತ ದೇಶಗಳನ್ನೆಲ್ಲ ಹಿಂದೆ ಹಾಕಿದ್ದರು.

ಡಿಡಿಟಿ ಎಂಬ ಈ ಪುಡಿ ದೆಹಲಿಯವರ ಮೈಗೆ ತಲುಪಿದ ದಾರಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಿಂದ ಹೊರಟು, ನಮ್ಮ ಕಾರವಾರ-ಧಾರವಾಡದ ಸೀಮೆಯನ್ನು ಹಾದು ಹೋಗುತ್ತದೆ.

ಡಿಡಿಟಿಯನ್ನು ಪ್ರಯೋಗಾಲಯದಲ್ಲಿ ಮೊದಲು ತಯಾರಿಸಿದ್ದು 1874ರಲ್ಲಿ, ಓಥ್ಮಾರ್ ಝೈಡ್ಲರ್ ಎಂಬ ರಸಾಯನಶಾಸ್ತ್ರದ ವಿದ್ಯಾರ್ಥಿ. ಅದರ ಉಪಯೋಗವೇನೆಂದು ಆಗ ಯಾರಿಗೂ ಹೊಳೆಯಲಿಲ್ಲ. 1939ರಲ್ಲಿ ಬಾಸೆಲ್‌ನ ಗೈಗಿ ಕಂಪನಿಯ ಪೌಲ್ ಮ್ಯೂಲರ್ ಅದು ಕೀಟಗಳನ್ನು ಕೊಲ್ಲುತ್ತದೆ, ಒಮ್ಮೆ ಸವರಿದರೆ ತಿಂಗಳುಗಟ್ಟಲೆ ಕೊಲ್ಲುತ್ತಲೇ ಇರುತ್ತದೆ ಎಂದು ಕಂಡುಕೊಂಡರು. ಎರಡನೆಯ ಮಹಾಯುದ್ಧದ ಸೈನ್ಯಗಳಿಗೆ ಬೇಕಾಗಿದ್ದೂ ಅದೇ. 1943-44ರ ಚಳಿಗಾಲದಲ್ಲಿ ಇಟಲಿಯ ನೇಪಲ್ಸ್ ನಗರದಲ್ಲಿ ಹೇನಿನಿಂದ ಹರಡುವ ಟೈಫಸ್ ಜ್ವರ ಎದ್ದಾಗ, ಹತ್ತು ಲಕ್ಷಕ್ಕೂ ಹೆಚ್ಚು ಜನರ ಕಾಲರಿನೊಳಗೆ, ತೋಳಿನೊಳಗೆ ಪುಡಿ ಊದಲಾಯಿತು. ಪಿಡುಗು ನಡುಚಳಿಗಾಲದಲ್ಲೇ ನಿಂತಿತು. ಹಿಂದೆ ಎಂದೂ ಹಾಗೆ ಆಗಿರಲಿಲ್ಲ. 1948ರಲ್ಲಿ ಮ್ಯೂಲರ್ ಅವರಿಗೆ ನೊಬೆಲ್ ಬಂತು, ಅದೂ ವೈದ್ಯಕೀಯಕ್ಕೆ ಮೀಸಲಾದ ನೊಬೆಲ್.

ಯುದ್ಧ ಮುಗಿದ ಮರುವರ್ಷವೇ, 1946ರಲ್ಲಿ, ಮುಂಬಯಿ ಪ್ರಾಂತ್ಯದ ಮಲೇರಿಯಾ ವಿಭಾಗದ ಡಾ. ಡಿ.ಕೆ. ವಿಶ್ವನಾಥನ್ ಮತ್ತು ಅವರ ಸಹೋದ್ಯೋಗಿ ಟಿ. ರಾಮಚಂದ್ರ ರಾವ್ ಇದೇ ಪುಡಿಯನ್ನು ಕೆನರಾ (ಇಂದಿನ ಉತ್ತರ ಕನ್ನಡ) ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಿಗೆ ತಂದರು. ಭಾರತದ ಹಳ್ಳಿಗಾಡಿನಲ್ಲಿ ಮನೆಗಳ ಗೋಡೆಗೆ ಡಿಡಿಟಿ ಹೊಡೆದು ಮಲೇರಿಯಾ ತಡೆಯುವ ಮೊದಮೊದಲ ದೊಡ್ಡ ಪ್ರಯತ್ನಗಳಲ್ಲಿ ಇದೂ ಒಂದು. ಮಲೆಯ ತೊರೆಗಳಲ್ಲಿ ಹುಟ್ಟುವ ಅನಾಫಿಲಿಸ್ ಫ್ಲುವಿಯಾಟಿಲಿಸ್ ಎಂಬ ಸೊಳ್ಳೆ ಅಲ್ಲಿನ ಮಲೇರಿಯಾದ ಮೂಲ. ರಾತ್ರಿ ರಕ್ತ ಹೀರಿ ಹೊಟ್ಟೆ ಭಾರವಾದ ಸೊಳ್ಳೆ ಮನೆಯ ಗೋಡೆಯ ಮೇಲೆ ಕೂತು ವಿಶ್ರಮಿಸುತ್ತದೆ. ಗೋಡೆಯಲ್ಲಿ ಡಿಡಿಟಿ ಇದ್ದರೆ ಅಲ್ಲೇ ಸಾಯುತ್ತದೆ, ಇನ್ನೊಬ್ಬರನ್ನು ಕಚ್ಚಲು ಉಳಿಯುವುದಿಲ್ಲ. ಉಪಾಯ ಇಷ್ಟೇ.

ಆ ಸೀಮೆಯಲ್ಲಿ ಮಲೇರಿಯಾ ಎಂದರೆ ಏನಿತ್ತು ಎಂದು ಈಗಿನವರಿಗೆ ಹೇಳಿದರೆ ನಂಬುವುದು ಕಷ್ಟ. ಮಳೆ ನಿಂತ ಮೇಲೆ ಮನೆಮನೆಯಲ್ಲೂ ಚಳಿಜ್ವರ. ಮಕ್ಕಳ ಹೊಟ್ಟೆಯಲ್ಲಿ ಜ್ವರಗಡ್ಡೆ. ಗದ್ದೆ ಕೊಯ್ಯುವ ಕಾಲಕ್ಕೆ ಕುಡುಗೋಲು ಹಿಡಿಯಲು ಆಳಿಲ್ಲ. ಬಯಲುಸೀಮೆಯವರು ಮಲೆನಾಡಿಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಿದ್ದರು ಎಂಬುದು ಹಿರಿಯರ ಬಾಯಲ್ಲಿ ಉಳಿದ ಮಾತು. ಸ್ವಾತಂತ್ರ್ಯದ ಹೊತ್ತಿಗೆ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತು, ಎಂಟು ಲಕ್ಷ ಜನ ಸಾಯುತ್ತಿದ್ದರು ಎಂಬುದು ಸರ್ಕಾರದ ಅಂದಾಜು. ಅಂಥ ನಾಡಿಗೆ ಪಂಪು ಹೊತ್ತವರು ಬಂದರು, ಪಾತ್ರೆ-ಪಡಗ ಹೊರಗಿಡಿಸಿ ಗೋಡೆ, ಮಾಡು, ಕೊಟ್ಟಿಗೆಗಳಿಗೆ ಔಷಧಿ ಹೊಡೆದು ಹೋದರು. ಜ್ವರ ಇಳಿಯಿತು. ಜೊತೆಗೆ ತಿಗಣೆಯೂ ನೊಣವೂ ಸತ್ತವು, ಜನ ಸಂತೋಷದಿಂದ ಬಾಗಿಲು ತೆರೆದರು. ಡಿಡಿಟಿಯನ್ನು ಬರೀ ವಿಷವೆಂದು ಬೈದು ಮುಗಿಸುವವರು, ಆ ಪುಡಿಯಿಂದ ಬದುಕುಳಿದ ಲಕ್ಷಾಂತರ ಮಕ್ಕಳನ್ನು ಲೆಕ್ಕದಿಂದ ಹೊರಗಿಡುತ್ತಾರೆ. ಅದು ನ್ಯಾಯವಲ್ಲ.

ಆದರೆ ಇನ್ನೊಂದು ಸತ್ಯವೂ ಅಷ್ಟೇ ಹಳೆಯದು. ಡಿಡಿಟಿ ಅಮೆರಿಕದ ಅಂಗಡಿಗಳಿಗೆ ಮಾರಾಟಕ್ಕೆ ಬಂದದ್ದು 1945ರಲ್ಲಿ. ಅದೇ 1945ರಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತದ ವುಡರ್ಡ್ ಮತ್ತು ಸಂಗಡಿಗರು ನಾಯಿಗಳಿಗೆ ಡಿಡಿಟಿ ತಿನ್ನಿಸಿ, ಅದು ಅವುಗಳ ಕೊಬ್ಬಿನಲ್ಲಿ ಕೂಡಿಕೊಳ್ಳುತ್ತದೆ, ಹಾಲಿನಲ್ಲೂ ಇಳಿಯುತ್ತದೆ ಎಂದು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಮುಂದಿನ ಐವತ್ತು ವರ್ಷಗಳ ಇಡೀ ಕಥೆ ಆ ಒಂದು ಪುಟ್ಟ ಲೇಖನದಲ್ಲಿದೆ. ‘ನಮಗೆ ಗೊತ್ತಿರಲಿಲ್ಲ’ ಎಂದು ಯಾರೂ ಹೇಳುವಂತಿಲ್ಲ.

ಕೊಬ್ಬೇ ಏಕೆ? ಡಿಡಿಟಿ ನೀರಿನಲ್ಲಿ ಕರಗುವುದಿಲ್ಲ ಎಂದೇ ಹೇಳಬಹುದು, ಎಣ್ಣೆ-ಕೊಬ್ಬಿನಲ್ಲಿ ಸಲೀಸಾಗಿ ಕರಗುತ್ತದೆ. ಉಪ್ಪಿನಕಾಯಿಯ ಖಾರವೆಲ್ಲ ಮೇಲಿನ ಎಣ್ಣೆಗೆ ಇಳಿಯುವ ಹಾಗೆ, ಊಟದ ಜೊತೆ ಒಳಗೆ ಹೋದ ಡಿಡಿಟಿ ರಕ್ತದಿಂದ ಕೊಬ್ಬಿಗೆ ಇಳಿಯುತ್ತದೆ. ಮೂತ್ರದಲ್ಲಿ ಹೊರಗೆ ಹೋಗಬೇಕಾದರೆ ನೀರಿನಲ್ಲಿ ಕರಗಬೇಕು, ಅದು ಅದಕ್ಕಾಗದು. ದೇಹ ಅದನ್ನು ಮುರಿಯಲು ನೋಡಿದಾಗ ಹುಟ್ಟುವ ಡಿಡಿಇ ಎಂಬ ವಸ್ತು ಇನ್ನೂ ಗಟ್ಟಿ, ಅರ್ಧಕ್ಕೆ ಇಳಿಯಲು ವರ್ಷಗಳೇ ಬೇಕು. ಹುಲ್ಲಿನಿಂದ ಹಸುವಿಗೆ, ಹಸುವಿನಿಂದ ಬೆಣ್ಣೆಗೆ, ಬೆಣ್ಣೆಯಿಂದ ಮನುಷ್ಯನಿಗೆ ಎಂದು ಮೇಲೆ ಹೋದಂತೆ ಪ್ರಮಾಣ ಏರುತ್ತದೆ. ಉಪವಾಸ, ಕಾಯಿಲೆ, ಮೈ ಇಳಿಯುವಿಕೆ ಬಂದಾಗ ಕೊಬ್ಬು ಕರಗಿ, ಕೂಡಿಟ್ಟದ್ದು ಮತ್ತೆ ರಕ್ತಕ್ಕೆ ಬರುತ್ತದೆ. ಅದು ದೇಹದಿಂದ ದೊಡ್ಡ ಪ್ರಮಾಣದಲ್ಲಿ ಹೊರಹೋಗಲು ಇರುವ ದಾರಿ ಒಂದೇ, ಎದೆಹಾಲು.

ಮನುಷ್ಯನ ಕೊಬ್ಬಿನಲ್ಲಿ ಡಿಡಿಟಿ ಸಿಕ್ಕ ಮೊದಲ ವರದಿ 1948ರದು. 1951ರಲ್ಲಿ ಲಾಗ್, ಕುಂಝೆ ಮತ್ತು ಪ್ರಿಕೆಟ್ 75 ಸಾಮಾನ್ಯ ಅಮೆರಿಕನ್ನರ ಕೊಬ್ಬನ್ನು ಪರೀಕ್ಷಿಸಿದಾಗ ಸರಾಸರಿ 5.3 ಪಿಪಿಎಂ ಬಂತು. 32 ತಾಯಂದಿರ ಹಾಲನ್ನೂ ನೋಡಿದರು, ಬಹುತೇಕ ಎಲ್ಲದರಲ್ಲೂ ಡಿಡಿಟಿ ಇತ್ತು. ಪುಡಿ ಅಲ್ಲಿನ ಅಂಗಡಿಗಳಿಗೆ ಬಂದು ಆಗ ಸುಮಾರು ಆರು ವರ್ಷವಾಗಿತ್ತಷ್ಟೇ. ಡಿಡಿಟಿ ಬರುವ ಮುನ್ನ ಸತ್ತವರ ಕೊಬ್ಬನ್ನೂ ಮುಂದೆ ತೆಗೆದು ನೋಡಿದರು. ಅದರಲ್ಲಿ ಏನೂ ಇರಲಿಲ್ಲ. ಆಗಿನ ಪರೀಕ್ಷೆ ರಾಸಾಯನಿಕ ಸೇರಿಸಿ ನೀಲಿ ಬಣ್ಣ ಬರಿಸಿ, ಬಣ್ಣದ ಗಾಢತೆಯಿಂದ ಪ್ರಮಾಣ ತಿಳಿಯುವಂಥದ್ದು. 1957ರಲ್ಲಿ ಇಂಗ್ಲೆಂಡಿನ ಜೇಮ್ಸ್ ಲವ್‌ಲಾಕ್ ರೂಪಿಸಿದ ಎಲೆಕ್ಟ್ರಾನ್ ಕ್ಯಾಪ್ಚರ್ ಡಿಟೆಕ್ಟರ್ ಬಂದ ಮೇಲೆ ಇದಕ್ಕಿಂತ ಎಷ್ಟೋ ಪಟ್ಟು ಸೂಕ್ಷ್ಮವಾದ ಅಳತೆ ಸಾಧ್ಯವಾಯಿತು. ಆಗ ಹುಡುಕಿದಲ್ಲೆಲ್ಲ ಡಿಡಿಟಿ ಸಿಗತೊಡಗಿತು. 1966ರಲ್ಲಿ, ಒಂದು ಹೊಲವೂ ಇಲ್ಲದ ಅಂಟಾರ್ಕ್ಟಿಕಾದ ಪೆಂಗ್ವಿನ್‌ಗಳ ಮೈಯಲ್ಲೂ ಸಿಕ್ಕಿತು.

ಅಲಾಸ್ಕಾದ ಮೂಲನಿವಾಸಿಗಳ ಕುರಿತ ಅಧ್ಯಯನ ನನ್ನನ್ನು ಬಹಳ ಕಾಡಿದೆ. ದೂರದ ಹಳ್ಳಿಗಳ ಆ ಜನ ತಾವೇ ಹಿಡಿದ ಮೀನು, ತಾವೇ ಬೇಟೆಯಾಡಿದ ಮಾಂಸ ತಿನ್ನುವವರು. ಅವರ ಆಹಾರದಲ್ಲಿ ಹೇಳುವಂಥ ಡಿಡಿಟಿ ಇರಲಿಲ್ಲ. ಆದರೂ ಕೆಲವರ ಕೊಬ್ಬಿನಲ್ಲಿ ಸ್ವಲ್ಪ ಸಿಕ್ಕಿತು. ಅವರು ಊರು ಬಿಟ್ಟು ಶಸ್ತ್ರಚಿಕಿತ್ಸೆಗೆಂದು ಆಂಕರೇಜ್ ನಗರದ ಆಸ್ಪತ್ರೆಗೆ ಬಂದವರಾಗಿದ್ದರು. ಅಲ್ಲಿ ತಿಂದದ್ದು ನಗರದ ಊಟ. ರೇಚಲ್ ಕಾರ್ಸನ್ 1962ರ ತಮ್ಮ ‘ಸೈಲೆಂಟ್ ಸ್ಪ್ರಿಂಗ್’ ಪುಸ್ತಕದಲ್ಲಿ ಈ ಪ್ರಸಂಗವನ್ನು ದಾಖಲಿಸಿದ್ದಾರೆ.

ಹಾಗಾದರೆ ಸರ್ಕಾರಗಳು ಏನೆಂದವು? ‘ಇದೆ, ಆದರೆ ಅಪಾಯವಿಲ್ಲ’ ಎಂದವು. ಈ ಉತ್ತರದ ಬೆನ್ನೆಲುಬು ವೇಲ್ಯಾಂಡ್ ಹೇಯ್ಸ್. ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯ ವಿಷವಿಜ್ಞಾನಿ, ದೆಹಲಿಯ ವರದಿಯ ಮೂವರಲ್ಲಿ ಒಬ್ಬರು. 1950ರ ದಶಕದಲ್ಲಿ ಅವರು ಜೈಲಿನ 51 ಸ್ವಯಂಸೇವಕರ ಮೇಲೆ ಪ್ರಯೋಗ ಮಾಡಿದರು. ಕೆಲವರಿಗೆ ದಿನಕ್ಕೆ 35 ಮಿಲಿಗ್ರಾಂವರೆಗೆ ಡಿಡಿಟಿ ತಿನ್ನಿಸಿದರು, ಕೆಲವರಿಗೆ ಹದಿನೆಂಟು ತಿಂಗಳವರೆಗೆ. ಸಾಮಾನ್ಯ ಜನರ ಊಟದಲ್ಲಿ ಹೋಗುತ್ತಿದ್ದುದರ ಸುಮಾರು ಇನ್ನೂರು ಪಟ್ಟು ಅದು. ಅವರ ಕೊಬ್ಬಿನಲ್ಲಿ ಡಿಡಿಟಿ 200 ಪಿಪಿಎಂ ದಾಟಿತು. ಯಾರಿಗೂ ಕಾಯಿಲೆ ಕಾಣಲಿಲ್ಲ. 1956ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಇದು ಬಂದ ಮೇಲೆ, ಹಲವು ವರ್ಷ ಡಿಡಿಟಿಯ ಪರ ವಾದಿಸಿದವರೆಲ್ಲ ಇದನ್ನೇ ಎತ್ತಿ ತೋರಿಸಿದರು.

ಹೇಯ್ಸ್ ಅವರ ಅಳತೆಯಲ್ಲಿ ತಪ್ಪಿತ್ತೆಂದು ನಾನು ಹೇಳುವುದಿಲ್ಲ. ಅವರು ಕೇಳಿದ ಪ್ರಶ್ನೆಯೇ ಚಿಕ್ಕದಾಗಿತ್ತು. ಪ್ರಯೋಗಕ್ಕೆ ಒಳಗಾದವರೆಲ್ಲ ವಯಸ್ಕ ಗಂಡಸರು. ಅವರಲ್ಲಿ ಬಸುರಿ ಇರಲಿಲ್ಲ, ಹೊಟ್ಟೆಯೊಳಗಿನ ಕೂಸು ಇರಲಿಲ್ಲ, ಹರೆಯಕ್ಕೆ ಕಾಲಿಡುವ ಹುಡುಗಿ ಇರಲಿಲ್ಲ. ಹದಿನೆಂಟು ತಿಂಗಳಲ್ಲಿ ಕಾಣದ ರೋಗ ಮೂವತ್ತು ವರ್ಷಕ್ಕೆ ಕಾಣಬಹುದು. ಬೀಗ ಹಾಕಿದ ಕೋಣೆಯೊಳಗಿನವನ ಒಪ್ಪಿಗೆ ಎಷ್ಟು ಸ್ವತಂತ್ರವಾದದ್ದು ಎಂಬ ಪ್ರಶ್ನೆ ಬೇರೆ ಇದೆ. ಆ ಕೈದಿಗಳನ್ನು ಕೇಳುವ ಶಾಸ್ತ್ರವಾದರೂ ನಡೆಯಿತು. ಲೋಕದ ಕೋಟ್ಯಂತರ ಜನರ ಮೈಗೆ ಅದೇ ವಸ್ತು ಇಳಿದಾಗ ಅಷ್ಟೂ ನಡೆಯಲಿಲ್ಲ.

ತಾಯಿಹಾಲಿನ ಪ್ರಶ್ನೆ ವಾದದ ದಿಕ್ಕನ್ನೇ ತಿರುಗಿಸಿತು. ಅಮೆರಿಕದ ಕೃಷಿ ಇಲಾಖೆ 1949ರಲ್ಲೇ ಹಾಲು ಕರೆಯುವ ಹಸುಗಳ ಮೇಲೆ ಡಿಡಿಟಿ ಬಳಸಬೇಡಿ ಎಂದಿತ್ತು. ಹಸುವಿನ ಹಾಲಿಗೆ ಮಿತಿ ಗೊತ್ತುಮಾಡಿದ್ದರು. 1960ರ ದಶಕದ ಕೊನೆಗೆ ಹಲವು ಕಡೆ ತಾಯಂದಿರ ಹಾಲಿನಲ್ಲಿ ಆ ಮಿತಿಗಿಂತ ಹೆಚ್ಚು ಡಿಡಿಟಿ ಕಂಡಿತು. ಎದೆಹಾಲು ಕುಡಿಯುವ ಕೂಸುಗಳಿಗೆ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಬಹುದೆಂದ ಪ್ರಮಾಣಕ್ಕಿಂತ ಹೆಚ್ಚು ಡಿಡಿಟಿ ಹೋಗುತ್ತಿದೆ ಎಂದು ಸ್ವೀಡನ್ನಿನ ಯೋರಾನ್ ಲೋಫ್ರೋತ್ ಲೆಕ್ಕ ಹಾಕಿ ತೋರಿಸಿದರು. 1970ರಲ್ಲಿ ಸ್ವೀಡನ್ ಡಿಡಿಟಿಯನ್ನು ನಿಲ್ಲಿಸಿತು. 1972ರ ಜೂನ್‌ನಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ವಿಲಿಯಂ ರಕಲ್ಸ್‌ಹೌಸ್ ಅಲ್ಲಿನ ಬಹುತೇಕ ಬಳಕೆಯನ್ನು ನಿಷೇಧಿಸಿದರು. ಸ್ಟಾಕ್‌ಹೋಮಿನ ತಾಯಂದಿರ ಹಾಲನ್ನು ದಶಕಗಳ ಕಾಲ ಬಿಡದೆ ಪರೀಕ್ಷಿಸಿದ್ದರಿಂದ, ನಿಷೇಧದ ಬಳಿಕ ಡಿಡಿಟಿ ವರ್ಷದಿಂದ ವರ್ಷಕ್ಕೆ ಇಳಿದದ್ದು ಕಣ್ಣಿಗೆ ಕಟ್ಟುವಂತೆ ದಾಖಲಾಯಿತು. ಪುಡಿ ನಿಲ್ಲಿಸಿದರೆ ಮೈ ನಿಧಾನವಾಗಿ ಹಗುರಾಗುತ್ತದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ನಮ್ಮಲ್ಲಿ ದಾರಿ ಬೇರೆಯಾಯಿತು. ಕೆನರಾ-ಧಾರವಾಡದ ಯಶಸ್ಸು ಮತ್ತು ಅಂಥ ಇತರ ಪ್ರಯೋಗಗಳ ಬಲದ ಮೇಲೆ 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. 1954ರಲ್ಲಿ ಹಿಂದೂಸ್ತಾನ್ ಇನ್ಸೆಕ್ಟಿಸೈಡ್ಸ್ ಸ್ಥಾಪನೆಯಾಗಿ ದೆಹಲಿಯಲ್ಲೇ ಡಿಡಿಟಿ ಕಾರ್ಖಾನೆ ಎದ್ದಿತು, ಆಮೇಲೆ ಕೇರಳದ ಉದ್ಯೋಗಮಂಡಲದಲ್ಲಿ ಎರಡನೆಯದು. 1958ರಲ್ಲಿ ‘ನಿಯಂತ್ರಣ’ ಹೋಗಿ ‘ನಿರ್ಮೂಲನ’ ಎಂಬ ಹೆಸರು ಬಂತು. 1961ರಲ್ಲಿ ದೇಶದಲ್ಲಿ ದಾಖಲಾದ ಮಲೇರಿಯಾ ಪ್ರಕರಣಗಳು ಐವತ್ತು ಸಾವಿರಕ್ಕೂ ಕಡಿಮೆ. ಕೋಟಿಗಳಿಂದ ಸಾವಿರಗಳಿಗೆ!

ಗೋಡೆಗೆ ಹೊಡೆದ ಡಿಡಿಟಿಯಷ್ಟೇ ಆಗಿದ್ದರೆ ಜನರ ಕೊಬ್ಬಿನಲ್ಲಿ ಇಷ್ಟೊಂದು ಕೂಡುತ್ತಿತ್ತೆಂದು ನನಗನ್ನಿಸುವುದಿಲ್ಲ. ಪುಡಿ ಗೋಡೆಯಿಂದ ಕೆಳಗಿಳಿಯಿತು. ಹೊಲಕ್ಕೆ ಹೋಯಿತು, ತರಕಾರಿಗೆ ಹೋಯಿತು, ಕೊಟ್ಟಿಗೆಗೆ ಹೋಯಿತು, ಕಡೆಗೆ ಕಾಳಿನ ಮೂಟೆಯೊಳಗೇ ಹೋಯಿತು. ನಮ್ಮ ಹಳ್ಳಿಗಳಲ್ಲಿ ಹಗೇವಿನಲ್ಲೋ ಕಣಜದಲ್ಲೋ ಧಾನ್ಯ ತುಂಬುವಾಗ ಬೂದಿ, ಬೇವಿನ ಸೊಪ್ಪು, ಲಕ್ಕಿ ಸೊಪ್ಪು ಹಾಕುವ ರೂಢಿ ಇತ್ತು. ಆ ಜಾಗಕ್ಕೆ ಡಿಡಿಟಿ ಬಂತು, ಅದರ ಹಿಂದೆಯೇ ಜನರ ಬಾಯಲ್ಲಿ ಗಮಾಕ್ಸಿನ್ ಪುಡಿಯಾದ ಬಿಎಚ್‌ಸಿ ಬಂತು. ಮೂತಿಹುಳ, ನುಸಿ ಸಾಯುವುದನ್ನು ಕಣ್ಣಾರೆ ಕಂಡ ರೈತನಿಗೆ, ಆ ಕಾಳನ್ನು ತೊಳೆದು ಬೇಯಿಸಿದರೂ ಪುಡಿ ಪೂರ್ತಿ ಹೋಗದು ಎಂದು ಹೇಳುವವರು ಇರಲಿಲ್ಲ. ತಪ್ಪು ಅವನದಲ್ಲ. ಸರ್ಕಾರಿ ಸಿಬ್ಬಂದಿಯೇ ಬಂದು ಮನೆಯೊಳಗೆಲ್ಲ ಸಿಂಪಡಿಸಿ ಹೋದ ವಸ್ತು ಅಡುಗೆಮನೆಗೆ ಅಪಾಯ ಎಂದು ಅವನಿಗೆ ಹೇಗೆ ತೋಚಬೇಕು?

1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಎಂಬ ಬೇರೆ ಕೀಟನಾಶಕ ಸೋರಿ ಬೆರೆತ ಹಿಟ್ಟು ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ದೇಶ ಬೆಚ್ಚಿತು. ತನಿಖೆ ನಡೆಯಿತು, 1968ರಲ್ಲಿ ಕೀಟನಾಶಕ ಕಾಯ್ದೆ ಬಂತು. ಅದು ಬರಬೇಕಾದದ್ದೇ. ಆದರೆ ಅದೇ ದಶಕದಲ್ಲಿ ಪ್ರಕಟವಾದ ದೆಹಲಿಯ 26 ಪಿಪಿಎಂ ಅಂಥ ಸದ್ದು ಮಾಡಲಿಲ್ಲ. ಒಂದೇ ದಿನ ನೂರು ಹೆಣ ಬಿದ್ದರೆ ನಮಗೆ ಕಾಣುತ್ತದೆ. ಎಲ್ಲರ ಮೈಯಲ್ಲಿ ಸ್ವಲ್ಪ ಸ್ವಲ್ಪ ಕೂಡುವುದು ಕಾಣುವುದಿಲ್ಲ.

ಅಷ್ಟರಲ್ಲಿ ಸೊಳ್ಳೆಗಳೂ ಒಗ್ಗಿಕೊಂಡವು. ಹೊಲಗಳಲ್ಲಿ ಟನ್ನುಗಟ್ಟಲೆ ಸುರಿದ ಪುಡಿಗೂ ಅದರಲ್ಲಿ ಪಾಲಿದೆ. 1976ರಲ್ಲಿ ಮಲೇರಿಯಾ ಪ್ರಕರಣಗಳು 64 ಲಕ್ಷ ದಾಟಿದವು. ಮಲೇರಿಯಾಕ್ಕೆಂದು ಜೋಪಾನ ಮಾಡಬೇಕಾಗಿದ್ದ ಆಯುಧವನ್ನು ಹತ್ತಿಗೂ ಕಾಳಿಗೂ ಸವೆಸಿ ಮೊಂಡು ಮಾಡಿದ್ದು ನಮ್ಮ ನೀತಿಯ ದೊಡ್ಡ ಸೋಲು.

ಅಳೆಯುವ ಕೆಲಸವನ್ನು ಕೆಲವರು ಬಿಡದೆ ಮಾಡಿದರು. ಲಖನೌದ ಕೈಗಾರಿಕಾ ವಿಷವಿಜ್ಞಾನ ಸಂಶೋಧನಾ ಕೇಂದ್ರದವರು ಜನರ ಕೊಬ್ಬು, ರಕ್ತ, ಹೊಕ್ಕುಳಬಳ್ಳಿಯ ರಕ್ತಗಳನ್ನು ಪರೀಕ್ಷಿಸಿದರು. ಪಂಜಾಬ್ ಕೃಷಿ ವಿಶ್ವವಿದ್ಯಾಲಯದ ಕಾಲ್ರಾ ಮತ್ತು ಚಾವ್ಲಾ 1981ರಲ್ಲಿ ತಾಯಿಹಾಲಿನಲ್ಲಿ ಡಿಡಿಟಿ, ಬಿಎಚ್‌ಸಿ ಎರಡೂ ಇರುವುದನ್ನು ವರದಿ ಮಾಡಿದರು. 1993ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಸಮೀಕ್ಷೆ ಹೊರಬಂತು. 12 ರಾಜ್ಯಗಳಿಂದ ತಂದ ಹಸು-ಎಮ್ಮೆ ಹಾಲಿನ 2205 ಮಾದರಿಗಳಲ್ಲಿ ಶೇಕಡಾ 82ರಲ್ಲಿ ಡಿಡಿಟಿ ಇತ್ತು, ಶೇಕಡಾ 37ರಲ್ಲಿ ಅದು ಮಿತಿ ಮೀರಿತ್ತು. ಕೂಸುಗಳಿಗೆ ಕೊಡುವ ಡಬ್ಬಿ ಹಾಲಿನ ಪುಡಿಯನ್ನೂ ನೋಡಿದರು. 20 ಬ್ರಾಂಡುಗಳ 186 ಮಾದರಿಗಳಲ್ಲಿ ಶೇಕಡಾ 70ರಲ್ಲಿ ಡಿಡಿಟಿ ಸಿಕ್ಕಿತು. ಎದೆಹಾಲು ಬಿಟ್ಟು ಡಬ್ಬಿ ಹಾಲಿಗೆ ಹೋದರೆ ಕೂಸು ಪಾರಾಗುತ್ತದೆ ಎಂಬ ಲೆಕ್ಕಾಚಾರವೂ ಅಲ್ಲಿಗೆ ಬಿತ್ತು. ಈ ಲೇಖನ ಓದುವ ತಾಯಂದಿರಿಗೆ ಸ್ಪಷ್ಟವಾಗಿ ಹೇಳಬೇಕು: ಇದೆಲ್ಲ ತಿಳಿದ ಮೇಲೂ ವೈದ್ಯರ, ವಿಶ್ವ ಆರೋಗ್ಯ ಸಂಸ್ಥೆಯ ಮಾತು ಒಂದೇ, ಎದೆಹಾಲನ್ನು ನಿಲ್ಲಿಸಬೇಡಿ. ಕೂಸಿಗೆ ಅದಕ್ಕಿಂತ ಒಳ್ಳೆಯದು ಯಾವುದೂ ಇಲ್ಲ.

1989ರಲ್ಲಿ ಭಾರತ ಬೇಸಾಯದಲ್ಲಿ ಡಿಡಿಟಿ ಬಳಕೆಯನ್ನು ನಿಲ್ಲಿಸಿತು, 1997ರಲ್ಲಿ ಬಿಎಚ್‌ಸಿಯನ್ನು ನಿಷೇಧಿಸಿತು. ಡಿಡಿಟಿಯ ವಿಷಯದಲ್ಲಿ ಅಮೆರಿಕಕ್ಕಿಂತ ಹದಿನೇಳು ವರ್ಷ ತಡ. 2001ರ ಸ್ಟಾಕ್‌ಹೋಮ್ ಒಪ್ಪಂದ ಡಿಡಿಟಿಯನ್ನು ರೋಗ ಹರಡುವ ಕೀಟಗಳ ತಡೆಗೆ ಮಾತ್ರ ಸೀಮಿತಗೊಳಿಸಿತು, ಆ ವಿನಾಯಿತಿಯಡಿ ಭಾರತ ತಯಾರಿಕೆಯನ್ನು ಮುಂದುವರಿಸಿತು.

‘ಕೊಬ್ಬಿನಲ್ಲಿದ್ದರೆ ಏನಾಯಿತು’ ಎಂಬ ಹಳೆಯ ಪ್ರಶ್ನೆಗೆ ಉತ್ತರ ಬರಲು ಅರ್ಧ ಶತಮಾನ ಹಿಡಿಯಿತು. ಕ್ಯಾಲಿಫೋರ್ನಿಯಾದ ಓಕ್ಲೆಂಡ್ ಸುತ್ತಿನಲ್ಲಿ 1959ರಿಂದ 1967ರವರೆಗೆ ಬಸುರಿಯರ, ಬಾಣಂತಿಯರ ರಕ್ತವನ್ನು ತೆಗೆದು ಜೋಪಾನವಾಗಿ ಇಟ್ಟಿದ್ದರು. ಬಾರ್ಬರಾ ಕೋನ್ ಮತ್ತು ಸಂಗಡಿಗರು ಆ ರಕ್ತದಲ್ಲಿನ ಡಿಡಿಟಿಯನ್ನು ಅಳೆದು, ಆ ಮಹಿಳೆಯರ ಮುಂದಿನ ಆರೋಗ್ಯದೊಡನೆ ಹೋಲಿಸಿದರು. 2007ರ ಅವರ ವರದಿಯಂತೆ, ಡಿಡಿಟಿ ಬಳಕೆಗೆ ಬಂದಾಗ ಹದಿನಾಲ್ಕು ವರ್ಷದೊಳಗಿದ್ದು ರಕ್ತದಲ್ಲಿ ಹೆಚ್ಚು ಡಿಡಿಟಿ ಇದ್ದವರಿಗೆ, ಮುಂದೆ ಸ್ತನ ಕ್ಯಾನ್ಸರ್ ಬರುವ ಸಂಭವ ಐದು ಪಟ್ಟು. 2015ರಲ್ಲಿ ಆ ಮಹಿಳೆಯರ ಹೆಣ್ಣುಮಕ್ಕಳ ಕುರಿತ ವರದಿ ಬಂತು. ಗರ್ಭದಲ್ಲಿದ್ದಾಗ ತಾಯಿಯ ರಕ್ತದಲ್ಲಿ ಡಿಡಿಟಿ ಹೆಚ್ಚಿದ್ದವರಿಗೆ ಆ ಸಂಭವ ಹೆಚ್ಚುಕಡಿಮೆ ನಾಲ್ಕು ಪಟ್ಟು. ರೋಗ ಬಂದ ಮೇಲೆ ರಕ್ತ ತೆಗೆದು ನೋಡಿದ ಹಿಂದಿನ ಹಲವು ಅಧ್ಯಯನಗಳಲ್ಲಿ ಈ ನಂಟು ಕಂಡಿರಲಿಲ್ಲ. ಯಾವ ವಯಸ್ಸಿನಲ್ಲಿ ಮೈಗೆ ಇಳಿಯಿತು ಎಂಬುದೇ ಮುಖ್ಯವಾಗಿತ್ತು. ಅದೇ 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಡಿಡಿಟಿಯನ್ನು ‘ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್‌ಕಾರಕ’ ಎಂಬ ವರ್ಗಕ್ಕೆ ಸೇರಿಸಿತು.

ಜೈಲಿನ ಐವತ್ತೊಂದು ಗಂಡಸರಿಂದ ಈ ಉತ್ತರ ಎಂದೂ ಸಿಗುತ್ತಿರಲಿಲ್ಲ. ಯಾರೋ ಮುಂದಾಲೋಚನೆಯಿಂದ ತೆಗೆದಿಟ್ಟ ರಕ್ತದಿಂದ ಸಿಕ್ಕಿತು. ಅಂಥ ಸಂಗ್ರಹ ನಮ್ಮಲ್ಲಿ ಬೇಕು. ಡಿಡಿಟಿ ಹಳೆಯದಾಯಿತು, ಆದರೆ ಹೊಲಕ್ಕೆ ಹೊಸ ಹೊಸ ಔಷಧಿಗಳು ಬರುತ್ತಲೇ ಇವೆ. ಎಂಡೋಸಲ್ಫಾನ್ ಎಂಬ ಕೀಟನಾಶಕದ ವಿಷಯದಲ್ಲಿ ದಕ್ಷಿಣ ಕನ್ನಡದ ಗೇರುತೋಟಗಳ ಸುತ್ತಲಿನವರು ಅನುಭವಿಸಿದ್ದು ನಮ್ಮ ಕಣ್ಣೆದುರೇ ಇದೆ. ಸುಪ್ರೀಂ ಕೋರ್ಟಿನ ತಡೆ ಬಂದದ್ದು 2011ರಲ್ಲಿ, ಮಕ್ಕಳು ಹಾಸಿಗೆ ಹಿಡಿದ ಮೇಲೆ. ರಾಜ್ಯ ಸರ್ಕಾರ ನಮ್ಮ ವೈದ್ಯಕೀಯ ಕಾಲೇಜುಗಳ ಮೂಲಕ, ಒಪ್ಪಿಗೆ ಪಡೆದು, ಪ್ರತಿ ಜಿಲ್ಲೆಯಲ್ಲೂ ತಾಯಿಹಾಲು ಮತ್ತು ರಕ್ತದ ಮಾದರಿಗಳನ್ನು ಕಾಲಕಾಲಕ್ಕೆ ಪರೀಕ್ಷಿಸಬೇಕು, ಒಂದು ಪಾಲನ್ನು ಮುಂದಿನ ಪೀಳಿಗೆಯ ಪರೀಕ್ಷೆಗೆ ಕಾದಿಡಬೇಕು, ಬಂದ ಅಂಕಿಗಳನ್ನು ಕನ್ನಡದಲ್ಲಿ ಎಲ್ಲರಿಗೂ ಸಿಗುವಂತೆ ಪ್ರಕಟಿಸಬೇಕು. ಓದುಗರೇ, ನಿಮ್ಮ ಶಾಸಕರು ಮುಂದಿನ ಸಲ ಸಿಕ್ಕಾಗ ಇದನ್ನು ಕೇಳಿ.